ಬೀದಿ ಕಡೆಯ ಕೋಣೆ

“ಗುರುಗಳೇ, ಮನಸ್ಸಿನಲ್ಲಿರುವ ಕಟ್ಟಡವನ್ನು ಇನ್ನೊಬ್ಬರಿಗೆ ತಿಳಿಸಲು ಯಾವುದು ಮೇಲು? ಕೈಯಿಂದ ಬರೆದ ನಕ್ಷೆಯೋ, ಮರದ ಮಾದರಿಯೋ, ಕಂಪ್ಯೂಟರಿನ ಚಿತ್ರವೋ?”

ಹೀಗೆ ಕೇಳಿದವಳು ಭಾರ್ಗವಿ. ಅವಳು ಮೌನೇಶಾಚಾರ್ಯರ ಬಳಿ ಮನೆಗಳ ವಿನ್ಯಾಸ ಕಲಿಯುತ್ತಿದ್ದಳು. ಮೂರನ್ನೂ ಒಟ್ಟಿಗೆ ಕಲಿಯುವುದು ಅವಳಿಗೆ ಭಾರವೆನಿಸಿತ್ತು; ಒಂದನ್ನೇ ಹಿಡಿದು ಅದರಲ್ಲಿ ಪಳಗಬೇಕೆಂದಿದ್ದಳು. ಆಚಾರ್ಯರು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ನಡುವಯಸ್ಸಿನಲ್ಲಿ ಅವನ ಹೆಂಡತಿಯ ಕಣ್ಣು ಹೋಯಿತು. ಅವಳು ನೆಮ್ಮದಿಯಾಗಿರಲೆಂದು ಅವನು ಹೊಸ ಮನೆ ಕಟ್ಟಿಸಲು ಹೊರಟ. ವಿನ್ಯಾಸಕಾರನೊಬ್ಬನನ್ನು ಕರೆಸಿ, ಅವಳ ಕೋಣೆಗೆ ಸ್ವಲ್ಪವೂ ಸದ್ದು ಬರಕೂಡದು, ಉಳಿದದ್ದೆಲ್ಲ ನಿಮ್ಮಿಷ್ಟ ಎಂದ.

ವಿನ್ಯಾಸಕಾರ ತನ್ನ ಕೆಲಸದಲ್ಲಿ ನುರಿತವನು. ಅವಳ ಕೋಣೆಯನ್ನು ಮನೆಯ ತೀರ ಹಿಂದಕ್ಕೆ ಇಟ್ಟು ನಕ್ಷೆ ಬರೆದ. ವರ್ತಕ ನಕ್ಷೆಯ ಮೇಲೆ ಬೆರಳಾಡಿಸಿ ತಲೆದೂಗಿದ. ಆಮೇಲೆ ವಿನ್ಯಾಸಕಾರ ಕಂಪ್ಯೂಟರಿನಲ್ಲಿ ಆ ಮನೆಯನ್ನೇ ಎಬ್ಬಿಸಿ ನಿಲ್ಲಿಸಿದ. ಪರದೆಯ ಮೇಲೆ ಬಾಗಿಲು ತೆರೆಯಿತು, ಅಂಗಳಕ್ಕೆ ಬಿಸಿಲು ಬಿತ್ತು. ವರ್ತಕ ಕಂಡದ್ದನ್ನೆಲ್ಲ ಹೆಂಡತಿಗೆ ಒಂದೊಂದಾಗಿ ವಿವರಿಸಿದ. ಅವಳು ಎಲ್ಲವನ್ನೂ ಕೇಳಿ, ನಿಮಗೆ ಒಪ್ಪಿಗೆಯಾದರೆ ನನಗೂ ಸರಿ ಎಂದಳು.

ಪಾಯ ತೋಡಲು ದಿನ ಗೊತ್ತಾಯಿತು. ಆದರೆ ಅವಳ ಆ ಮಾತು ವಿನ್ಯಾಸಕಾರನ ಮನಸ್ಸನ್ನು ಕೊರೆಯುತ್ತಲೇ ಇತ್ತು. ಮನೆ ಯಾರಿಗಾಗಿ ಏಳಲಿತ್ತೋ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಅದನ್ನು ನೋಡಿಯಾಗಿತ್ತು. ಅವಳು ಏನನ್ನುತ್ತಾಳೋ ತಿಳಿಯಬೇಕೆಂದು ಅವನು ಹಗುರವಾದ ಮರದಲ್ಲಿ ಮನೆಯ ಮಾದರಿ ಮಾಡಿದ. ಅದಕ್ಕೆ ಚಾವಣಿ ಹೊದಿಸಲಿಲ್ಲ. ಬೆರಳು ಒಳಗೆ ಇಳಿಯಬೇಕಿತ್ತು. ಅದನ್ನು ಒಯ್ದು ಅವಳ ಮುಂದಿಟ್ಟು, ಅವಳ ಕೈಯನ್ನು ಹೆಬ್ಬಾಗಿಲಿಗೆ ಮುಟ್ಟಿಸಿ ಬಿಟ್ಟ.

ಅವಳ ಬೆರಳು ಪಡಸಾಲೆ ದಾಟಿತು. ಒಳ ಅಂಗಳದ ಅಂಚು ಹಿಡಿದು ಸಾಗಿತು. ಇಕ್ಕಟ್ಟಾದ ಒಂದು ದಾರಿಯಲ್ಲಿ ತಡವರಿಸಿ, ಕೊನೆಗೆ ಹಿಂದಿನ ಕೋಣೆಯಲ್ಲಿ ನಿಂತಿತು. ಅಲ್ಲಿಂದ ಬೀದಿ ಎಷ್ಟು ದೂರವೆಂದು ಕೇಳಿದಳು. ಬೀದಿಯ ಸದ್ದು ಅತ್ತ ಸುಳಿಯುವುದೇ ಇಲ್ಲವೆಂದು ಅವನು ಹೆಮ್ಮೆಯಿಂದಲೇ ಹೇಳಿದ. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಹಾಲಿನವನ ಸೈಕಲ್ಲು ಬಂದರೆ ಬೆಳಗಾಯಿತು ಅಂದುಕೊಳ್ಳುತ್ತೇನೆ. ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳಿದರೆ ಸಂಜೆ. ಈ ಕೋಣೆಯೊಳಗೆ ನನಗೆ ಹೊತ್ತು ಹೇಗೆ ಗೊತ್ತಾಗಬೇಕಪ್ಪ?”

ಪಕ್ಕದಲ್ಲಿದ್ದ ವರ್ತಕನ ಮುಖ ಕಪ್ಪಿಟ್ಟಿತು. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಹೆಂಡತಿಯನ್ನು ಕೇಳಿದ. ನೀವು ಏನು ಕಟ್ಟಿಸುತ್ತಿದ್ದೀರೆಂದು ನನಗೆ ಗೊತ್ತಾದದ್ದೇ ಈಗ ಎಂದಳು.

ವಿನ್ಯಾಸಕಾರ ತನ್ನ ಮಾದರಿಯನ್ನು ನೋಡುತ್ತಾ ನಿಂತ. ತಿಂಗಳುಗಟ್ಟಲೆ ಕೂತು ಮಾಡಿದ ವಿನ್ಯಾಸ. ಅಳತೆಯಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಅದನ್ನು ಕೆಡಿಸಲು ಕೈ ಬರಲಿಲ್ಲ. ಬಳಿಕ ಮನಸ್ಸು ಗಟ್ಟಿ ಮಾಡಿ, ಚಾಕುವಿನಿಂದ ಹಿಂದಿನ ಕೋಣೆಯ ಗೋಡೆಗಳನ್ನು ಬಿಡಿಸಿ ಅವಳ ಅಂಗೈಗೆ ಕೊಟ್ಟ. ಅವಳು ತಡವಿ ತಡವಿ ಅವನ್ನು ಹೆಬ್ಬಾಗಿಲ ಪಕ್ಕಕ್ಕೆ ತಂದು ನಿಲ್ಲಿಸಿದಳು. ಒಂದು ಗೋಡೆ ಮುರಿಯಿತು. ಅಂಗಳ ಸೊಟ್ಟಗಾಯಿತು. ಅಡುಗೆಮನೆ ಎಲ್ಲಿಗೆ ಹೋಗಬೇಕೆಂದು ಗಂಡಹೆಂಡಿರು ವಾದಕ್ಕೆ ಬಿದ್ದರು. ಕಣ್ಣು ಹೋದ ಮೇಲೆ ಅವಳು ಗಂಡನಿಗೆ ಎದುರಾಡಿದ್ದು ಅದೇ ಮೊದಲು.

ವಿನ್ಯಾಸಕಾರ ಅಂದು ಹೊಸ ನಕ್ಷೆಗೆ ಕೈ ಹಚ್ಚಿದ. ಮನೆ ಅದರಂತೆಯೇ ಎದ್ದಿತು. ಬೀದಿ ಕಡೆಯ ಕಿಟಕಿಯಲ್ಲಿ ಅವಳು ಕೂತಿರುತ್ತಿದ್ದಳು. ಹಾದುಹೋಗುವವರನ್ನು ಹೆಜ್ಜೆಯ ಸಪ್ಪಳದಿಂದಲೇ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದಳು.

ಆಚಾರ್ಯರು ಕತೆ ಮುಗಿಸಿದರು. ಭಾರ್ಗವಿಗೆ ಉತ್ತರ ಸಿಕ್ಕಿದಂತಾಗಿ ಮುಖ ಅರಳಿತು.

“ಹಾಗಾದರೆ ಮಾದರಿಯೇ ಮೇಲು ಎಂದಾಯಿತು, ಗುರುಗಳೇ. ಅದನ್ನೇ ಕಲಿಯುತ್ತೇನೆ.”

“ತಿಳಿಸಲು ಯಾವುದು ಮೇಲೆಂದು ನೀನು ಕೇಳಿದೆ, ಮಗಳೇ; ಅವನು ಮಾದರಿ ಒಯ್ದದ್ದು ಅವಳ ಮಾತು ಕೇಳಿಸಿಕೊಳ್ಳಲು.”