ಅರ್ಧ ಕೊಯ್ದ ಸಲಾಕೆ

ಹೊಳೆಯ ಉತ್ತರ ದಡದಲ್ಲಿ ಮೌನೇಶಾಚಾರ್ಯರ ಆಶ್ರಮವಿತ್ತು. ಅಲ್ಲಿ ಜಪಕ್ಕೊಂದು ಕಟ್ಟೆ, ಕೆಲಸಕ್ಕೊಂದು ಕುಲುಮೆ. ಎರಡಕ್ಕೂ ಬಾಗಿಲು ಒಂದೇ.

ಒಂದು ಮುಂಜಾನೆ ಅಂಬಣ್ಣನೆಂಬವನು ದೋಣಿಯಿಂದಿಳಿದು ಆ ಬಾಗಿಲಿಗೆ ಬಂದನು. ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಕಬ್ಬಿಣದ ಸಲಾಕೆಯಿತ್ತು.

ಅವನು ದಕ್ಷಿಣ ದಡದ ಕಮ್ಮಾರ ಮಾನಪ್ಪನವರ ಶಿಷ್ಯ. ಮಾನಪ್ಪನವರೂ ಮೌನೇಶಾಚಾರ್ಯರೂ ಎಳವೆಯಲ್ಲಿ ಒಬ್ಬರೇ ಗುರುವಿನ ಬಳಿ ತಿದಿಯೊತ್ತಿದವರು. ಬೇಸಗೆಯ ಕೊನೆಯಲ್ಲಿ ಮಾನಪ್ಪನವರು ತೀರಿಕೊಂಡಿದ್ದರು.

ಆಚಾರ್ಯರು ಬಂದವನಿಗೆ ಮೊದಲು ಗಂಜಿ ಕೊಟ್ಟರು. ಅನಂತರ ಬಂದ ಕಾರಣ ಕೇಳಿದರು.

ಅಂಬಣ್ಣ ಹೇಳಿದ ಸಂಗತಿ ಇಷ್ಟು. ಊರ ಕೆರೆಯ ತೂಬಿನ ಬಾಗಿಲನ್ನು ಮೇಲೆತ್ತಲು ಒಂದು ಸಲಾಕೆ ಬೇಕಾಗಿತ್ತು. ಮಾನಪ್ಪನವರು ಅಳೆದು ಗೆರೆ ಹಾಕಿದರು. ಅರ್ಧದವರೆಗೆ ಕೊಯ್ದು, ಗರಗಸವನ್ನು ಗೋಡೆಗೆ ತೂಗುಹಾಕಿ ಊಟಕ್ಕೆದ್ದರು. ಎಲೆಯ ಮುಂದೆ ಕುಳಿತವರು ಮತ್ತೆ ಏಳಲಿಲ್ಲ.

ಅಂಬಣ್ಣನಿಗೆ ಬೆಂಕಿ ಗೊತ್ತು, ಸುತ್ತಿಗೆ ಗೊತ್ತು. ಕೊಯ್ಯುವ ಕೆಲಸವನ್ನು ಮಾತ್ರ ಮಾನಪ್ಪನವರು ಯಾರ ಕೈಗೂ ಕೊಟ್ಟವರಲ್ಲ. ಗುರುವಿನ ಹಳೆಯ ಅಲಗು ಈಗ ಕೊಯ್ಯದೆ ಬರಿದೆ ಜಾರುತ್ತಿತ್ತು. ಹೊಸ ಅಲಗು ತಂದು ಹಾಕಿದರೆ ಅದು ಸಿಕ್ಕಿಕೊಂಡು ಮುರಿಯುತ್ತಿತ್ತು. ಇನ್ನೊಂದು ತಂದರೆ ಅದೂ ಮುರಿಯುತ್ತಿತ್ತು.

ಊರಿನವರು ಅಮಾವಾಸ್ಯೆಯವರೆಗೆ ಕಾಯುತ್ತೇವೆಂದಿದ್ದರು. ಆಮೇಲೆ ಆ ಕೆಲಸ ಪೇಟೆಯವರ ಪಾಲು. ಗುರು ಹಿಡಿದ ಕೆಲಸವನ್ನೇ ಮುಗಿಸಲಾರದವನ ಕುಲುಮೆಗೆ ಮುಂದೆ ಯಾರು ತಾನೆ ಬಂದಾರು?

ಗುರುಪತ್ನಿ ಕಾಳಮ್ಮನವರು ಇವನ ಪರದಾಟವನ್ನೆಲ್ಲ ನೋಡಿ ಒಂದೇ ಮಾತು ಹೇಳಿ ಕಳಿಸಿದ್ದರು:

"ಪೇಟೆಗೆ ಹೋಗು ತಮ್ಮಾ. ಬರುವಾಗ ಒಳ್ಳೆ ಗರಗಸ ತಗೊಂಡು ಬಾ, ಇಲ್ಲಾಂದ್ರೆ ಒಳ್ಳೆ ಬೀಗ ತಗೊಂಡು ಬಾ."

ಪೇಟೆಯಲ್ಲಿ ಅವನು ಕಂಡ ಗರಗಸಗಳು ಹಲವು. ಕಿಡಿಯುಗುಳುತ್ತ ತಿರುಗುವ ಕಲ್ಲಿನ ಚಕ್ರವಿತ್ತು. ಎರಡು ಗಾಲಿಗಳ ಮೇಲೆ ಓಡುವ ಪಟ್ಟಿಯ ಗರಗಸವಿತ್ತು. ತಾನೇ ತಾನಾಗಿ ಹಿಂದೆ ಮುಂದೆ ಆಡುವ ಯಂತ್ರವಿತ್ತು. ಅಂಗಡಿಯವನು ಪ್ರತಿಯೊಂದನ್ನೂ ಹೊಗಳಿದನು. ಅಂಬಣ್ಣ ಯಾವುದನ್ನೂ ಆರಿಸಲಾರದೆ ಹೊಳೆ ದಾಟಿ ಬಂದಿದ್ದನು.

"ಅಜ್ಜಾರೆ, ನಮ್ಮಂಥ ಸಣ್ಣ ಕುಲುಮೆಗೆ ಯಾವ ಗರಗಸ ತಕ್ಕದ್ದು?"

"ದಿನಕ್ಕೆ ಎಷ್ಟು ಸಲ ಕೊಯ್ಯುತ್ತೀ?"

"ಒಂದು ಸಲ, ಎರಡು ಸಲ. ಕೆಲವು ದಿನ ಅದೂ ಇಲ್ಲ."

"ಅಂಗಡಿಯವನು ತೋರಿಸಿದ್ದೆಲ್ಲ ಒಳ್ಳೆಯ ಯಂತ್ರಗಳೇ," ಎಂದರು ಆಚಾರ್ಯರು. "ದಿನವೆಲ್ಲ ಕೊಯ್ಯುವವನಿಗೆ."

ಅವರು ಅವನನ್ನು ಕುಲುಮೆಯೊಳಕ್ಕೆ ಕರೆದೊಯ್ದರು. ಗೋಡೆಯ ಮೇಲೆ ಕೈಗರಗಸಗಳು ಸಾಲಾಗಿ ತೂಗುತ್ತಿದ್ದವು. ಇಷ್ಟವಾದದ್ದನ್ನು ತೆಗೆದುಕೋ ಎಂದರು.

ಅಂಬಣ್ಣ ಎಲ್ಲವನ್ನೂ ಮುಟ್ಟಿ ನೋಡಿ, ಹೊಚ್ಚಹೊಸ ಅಲಗಿನ ಒಂದನ್ನು ಆರಿಸಿದನು.

ಸಲಾಕೆಯನ್ನು ವೈಸೆಂಬ ಇಕ್ಕಳದ ಎರಡು ದವಡೆಗಳ ನಡುವೆ ಬಿಗಿದು, ಗುರುವನ್ನು ನೆನೆದು, ಅಲಗನ್ನು ಹಳೆಯ ಸೀಳಿನಲ್ಲಿಟ್ಟು ಅವನು ನೂಕಿದನು. ಅಲಗು ತುಸು ಇಳಿದು ಕಚ್ಚಿಕೊಂಡಿತು. ಎಳೆದನು. ಬರಲಿಲ್ಲ. ಮತ್ತೆ ನೂಕಿದನು.

ಅಲಗು ಟಣ್ಣೆಂದು ಎರಡಾಯಿತು.

ಅಂಬಣ್ಣ ತಲೆ ತಗ್ಗಿಸಿದನು. ಹಲವು ದಿನಗಳಿಂದ ನುಂಗಿಕೊಂಡಿದ್ದ ಮಾತು ಆಗ ಹೊರಬಿತ್ತು.

"ಗುರುಗಳಿಗೆ ನನ್ನ ಕೈ ಒಪ್ಪಿಗೆಯಿಲ್ಲ, ಅಜ್ಜಾರೆ. ತಮ್ಮ ಕೆಲಸದೊಳಕ್ಕೆ ನನ್ನನ್ನು ಬಿಡುತ್ತಿಲ್ಲ."

ಆಚಾರ್ಯರು ಮುರಿದ ತುಂಡುಗಳನ್ನು ಆಯ್ದು ಬದಿಗಿಟ್ಟರು. ಗುರುವಿನ ಹಳೆಯ ಅಲಗನ್ನು ತಂದಿರುವೆಯಾ ಎಂದು ಕೇಳಿದರು. ಅಂಬಣ್ಣ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಸೊಂಟದಲ್ಲಿಟ್ಟುಕೊಂಡಿದ್ದನು.

ಅದನ್ನು ಸೀಳಿನಲ್ಲಿ ಆಡಿಸು ಎಂದರು. ಆಡಿಸಿದನು.

"ಹೇಗಿದೆ?"

"ಸರಾಗವಾಗಿ ಹೋಗುತ್ತದೆ. ಕೊಯ್ಯುವುದಿಲ್ಲ."

"ಹೊಸದು?"

"ಕೊಯ್ಯುವಂಥದು. ಒಳಗೆ ಹೋಗುವುದಿಲ್ಲ."

ಆಚಾರ್ಯರು ಗೋಡೆಯ ಮೇಲಿನ ಇನ್ನೊಂದು ಗರಗಸದಿಂದ ಹೊಸ ಅಲಗನ್ನು ಬಿಚ್ಚಿ, ಹಳೆಯದರೊಂದಿಗೆ ಅವನ ಕೈಗಿತ್ತರು. ಹಲ್ಲುಗಳ ಸಾಲನ್ನು ಬೆಳಕಿಗೆ ಹಿಡಿದು ನೋಡು ಎಂದರು.

ಅಂಬಣ್ಣ ಬಹಳ ಹೊತ್ತು ನೋಡಿದನು. ಹೊಸದರ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿದ್ದವು. ಆ ಬಾಗಿನಿಂದ ಸೀಳು ಅಲಗಿನ ಮೈಗಿಂತ ತುಸು ಅಗಲವಾಗುತ್ತದೆ, ಅಲಗಿಗೆ ದಾರಿಯಾಗುತ್ತದೆ. ಹಳೆಯದರಲ್ಲಿ ಆ ಬಾಗು ಸವೆದುಹೋಗಿತ್ತು. ಅದು ಮಾಡಿದ ದಾರಿಯೂ ಅದರಂತೆಯೇ ಕಿರಿದು.

"ನಿನ್ನ ಗುರುವಿಗೆ ಅಲಗು ಬಿಸಾಡುವುದೆಂದರೆ ತನ್ನ ಹಲ್ಲನ್ನೇ ಕೀಳಿಸಿಕೊಂಡಂತೆ," ಎಂದರು ಆಚಾರ್ಯರು. "ಮೊದಲಿನಿಂದಲೂ ಹಾಗೆಯೇ. ನನ್ನ ಹತ್ತಿರ ಎರವಲು ಪಡೆದ ಅಲಗನ್ನೂ ಸವೆಸಿಯೇ ಹಿಂದಿರುಗಿಸುತ್ತಿದ್ದ."

ಅಂಬಣ್ಣನಿಗೆ ನಗು ಬಂದಿತು. ಅದರ ಬೆನ್ನಿಗೇ ಕಣ್ಣು ತುಂಬಿತು.

ಹಾಗಿದ್ದರೆ ಸೀಳಿಗೆ ಬೆಣೆ ಹೊಡೆದು ಅಗಲಿಸುತ್ತೇನೆಂದನು. ಬೇಡ, ಸಲಾಕೆ ಬಾಗುತ್ತದೆ ಎಂದರು ಆಚಾರ್ಯರು. ತೆಳ್ಳನೆಯ ಅರದಿಂದ ತೇಯುತ್ತೇನೆಂದನು. ಅಷ್ಟು ತೆಳ್ಳನೆಯ ಅರ ಎಲ್ಲಿದೆಯೆಂದು ಅವರು ಕೇಳಿದರು.

"ಗೆರೆ ಬಿಟ್ಟು ಬೇರೆ ಕಡೆ ಕೊಯ್ಯುವಂತಿಲ್ಲ, ಅಜ್ಜಾರೆ. ಗಿಡ್ಡವಾದರೆ ತೂಬಿನ ಬಾಗಿಲೆತ್ತುವ ತಿರುಪಿನ ಹಿಡಿಗೆ ಸಿಗದು. ಉದ್ದವಾದರೆ ಮೇಲಿನ ಚಪ್ಪಡಿಗೆ ಬಡಿಯುವುದು. ಅವರು ಬಿಟ್ಟಲ್ಲಿಂದಲೇ ನಾನು ಹಿಡಿಯಬೇಕು."

"ಗೆರೆ ಬಿಡು ಎಂದು ಯಾರು ಹೇಳಿದರು?"

ಅಂಬಣ್ಣ ಮತ್ತೆ ಹಳೆಯ ಸೀಳಿನ ಮೇಲೆಯೇ ಬೆರಳಿಟ್ಟನು.

ಆಚಾರ್ಯರು ವೈಸನ್ನು ಸಡಿಲಿಸಿದರು. ಸಲಾಕೆಯನ್ನು ಅರೆಸುತ್ತು ಹೊರಳಿಸಿದರು. ಹಳೆಯ ಸೀಳು ಕೆಳಮುಖವಾಯಿತು. ಯಾರೂ ಮುಟ್ಟದ ಮೈ ಮೇಲೆ ಬಂದಿತು. ಮಾನಪ್ಪನವರ ಗೆರೆ ಸಲಾಕೆಯ ಸುತ್ತ ಬಳಸಿ ಅಲ್ಲಿಯೂ ಇತ್ತು.

ವೈಸನ್ನು ಬಿಗಿದು, ಅವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

ಅಂಬಣ್ಣ ಆ ಗೆರೆಯನ್ನು ನೋಡುತ್ತ ನಿಂತನು. ದಿನಗಟ್ಟಲೆ ಅದು ಅವನ ಕೈಯೊಳಗೇ ಇತ್ತು. ಗುರುವಿನ ಸೀಳಿನಿಂದಾಚೆಗೆ ಕಣ್ಣು ಹಾಯಿಸುವುದು ಅವನಿಗೆ ಅಪಚಾರವಾಗಿ ತೋರಿತ್ತು.

ಅವನು ಹೊಸ ಅಲಗನ್ನು ಗರಗಸದ ಚೌಕಟ್ಟಿಗೆ ಬಿಗಿದನು. ಗೆರೆಯ ಮೇಲೆ ಎಣ್ಣೆಯ ಹನಿ ಬಿಟ್ಟನು. ನೂಕಿದನು.

ಅಲಗು ಹಿಡಿಯಿತು. ಕಬ್ಬಿಣದ ಪುಡಿ ಸಣ್ಣಗೆ ಉದುರತೊಡಗಿತು.

ಅವನು ಅವಸರಪಡಲಿಲ್ಲ. ನೂಕುವಾಗ ಭಾರ ಹಾಕಿ, ಎಳೆಯುವಾಗ ಕೈ ಹಗುರ ಮಾಡಿದನು. ತೋಳು ಸೋತಾಗ ನಿಂತನು. ಉಸಿರು ಬಂದಾಗ ಮತ್ತೆ ತೊಡಗಿದನು. ನಡುವನ್ನು ಸಮೀಪಿಸಿದಂತೆ ಮಾತ್ರ ಬಾಗಿ ಬಾಗಿ ಕೆಳಗಿನ ಸೀಳನ್ನು ನೋಡಿದನು. ಎರಡು ಸೀಳುಗಳೂ ಒಂದನ್ನೊಂದು ತಪ್ಪಿಸಿಕೊಂಡು ಹೋದರೆ?

ಬಿಸಿಲು ಕುಲುಮೆಯ ಹೊಸ್ತಿಲಿಗೆ ಬಂದ ಹೊತ್ತಿಗೆ ತೋಳಿನಡಿ ಏನೋ ಸಡಿಲವಾದಂತಾಯಿತು. ಸಲಾಕೆಯ ತುದಿ ಕಳಚಿ ನೆಲಕ್ಕೆ ಬಿದ್ದಿತು.

ಆ ಸದ್ದಿಗೆ ಆಚಾರ್ಯರು ಒಳಗೆ ಬಂದರು.

ಅಂಬಣ್ಣ ಅಳತೆಗೋಲು ಹಿಡಿದು ನೋಡಿದನು, ಮತ್ತೊಮ್ಮೆ ಹಿಡಿದು ನೋಡಿದನು. ಉದ್ದ ಸರಿಯಾಗಿತ್ತು.

ಬೆವರೊರೆಸಿಕೊಂಡು ಅವನು ಹೇಳಿದನು: ತನ್ನ ಕುಲುಮೆಗೆ ಈಗಿರುವ ಚೌಕಟ್ಟೇ ಸಾಕು, ಅಲಗುಗಳನ್ನು ಮಾತ್ರ ಕೊಳ್ಳುವನು. ಇಂಥ ದಪ್ಪನೆಯ ಸಲಾಕೆಗೆ ಹಲ್ಲು ದೊಡ್ಡದಾದದ್ದು, ತೆಳ್ಳನೆಯ ಕೊಳವೆಗೆ ಹಲ್ಲು ಸಣ್ಣದಾದದ್ದು. ಸವೆದದ್ದನ್ನು ಸವೆದಾಗ ತೆಗೆದಿಡುವನು. ಕೆಲಸ ಬೆಳೆದು ಯಂತ್ರ ಬೇಕಾದ ಕಾಲಕ್ಕೆ ಮತ್ತೆ ಕೇಳಲು ಬರುವನು.

"ಕೇಳಲೆಂದು ಬರಬೇಡ," ಎಂದರು ಆಚಾರ್ಯರು. "ಸುಮ್ಮನೆ ಬಾ."

ಅಂಬಣ್ಣ ಬಾಗಿ ಸಲಾಕೆಯ ಕೊಯ್ದ ಮುಖವನ್ನು ಸವರಿದನು. ಒಂದು ಅರ್ಧ ಹಳೆಯದು, ಆಗಲೇ ಕಂದು ಹಿಡಿದಿತ್ತು. ಇನ್ನೊಂದು ಅರ್ಧ ಹೊಸದು, ಹೊಳೆಯುತ್ತಿತ್ತು. ಎರಡೂ ಕೂಡಿದ ಕಡೆ ಕೂದಲೆಳೆಯಷ್ಟು ಏಣು ಬೆರಳಿಗೆ ತಾಗಿತು.

ಅವನು ಸಂಕೋಚದಿಂದ ಅರವನ್ನು ಕೈಗೆತ್ತಿಕೊಂಡನು.

"ಆ ತುದಿ ಯಾವುದಕ್ಕಾದರೂ ಒರಸುತ್ತದೆಯೆ?" ಎಂದು ಆಚಾರ್ಯರು ಕೇಳಿದರು.

"ಇಲ್ಲ, ಅಜ್ಜಾರೆ. ಮೇಲೆ ಗಾಳಿಗೆ ನಿಲ್ಲುತ್ತದೆ."

ಆಚಾರ್ಯರು ಅವನ ಕೈಯಿಂದ ಅರವನ್ನು ತೆಗೆದುಕೊಂಡರು.

"ಹಾಗಾದರೆ ತೇಯಬೇಡ. ಅವನು ಎಲ್ಲಿಯವರೆಗೆ ಬಂದಿದ್ದ ಎಂಬುದು ಕಾಣಲಿ."