ಪಿಂಜಾರ ಓಣಿಗೆ ಫ್ಲೂ ಸೂಜಿ ಬಂದದ್ದು

ದೇವರು ಲೋಕಕ್ಕೆಲ್ಲ ಬುದ್ಧಿ ಹಂಚಿದ ದಿನ ಪಿಂಜಾರ ಓಣಿಯ ಬುಡ್ಡೇಸಾಬ ಹೊಸ ಗಾದಿಯ ಮೇಲೆ ಗೊರಕೆ ಹೊಡೆಯುತ್ತಿದ್ದನಂತೆ. ಅವನ ಪಾಲು ಯಾರ ಮನೆ ಸೇರಿತೋ, ಆ ಪರಮಾತ್ಮನೇ ಬಲ್ಲ! ಅರಳೆ ಹಿಂಜಿ ಗಾದಿ ಹೊಲಿಯುವವರ ಓಣಿ ಅದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಅವನು. ಹಣೆ ಬಡಿದುಕೊಂಡು ಬಡಿದುಕೊಂಡು ತಾಯಿ ಪೀರವ್ವನ ಹಣೆಯೇ ಸವೆದಿತ್ತು.

ಹೋದ ಚಳಿಗಾಲದಲ್ಲಿ ಫ್ಲೂ ಜ್ವರ ಬಂದು ಅಜ್ಜಿ ಹುಸೇನವ್ವ ಸಾವಿನ ಹೊಸ್ತಿಲು ಮುಟ್ಟಿ ಬಂದಿದ್ದಳು. ಈ ಸಲ ಅದನ್ನು ತಡೆಯುವ ಸೂಜಿ ಹಾಕಲು ನರ್ಸು ನೀಲಗಂಗಕ್ಕ ಬಂದು ಮಸೀದಿ ಕಟ್ಟೆಯ ಮೇಲೆ ಕೂತಳು. ಆ ಓಣಿಗೆ ಸೂಜಿಯವರು ಬಂದದ್ದು ಅದೇ ಮೊದಲು. ಮಂದಿಗೆಲ್ಲ ಅಂಜಿಕೆ. ಅಜ್ಜಿಯದಂತೂ ಒಂದೇ ಹಟ:

"ಓಣಿ ಮಂದಿ ಹಾಕಿಸ್ಕೊಳ್ಳಲಿ, ಆಮ್ಯಾಲ ನಾನು!"

ಸಂಜೆ ಬಸ್ಸಿಗೆ ನರ್ಸು ಹೊರಟುಬಿಟ್ಟರೆ ಅಜ್ಜಿಯ ಗತಿ?

"ಹೋಗಪಾ, ಸೂಜಿ ಎಷ್ಟು ಸಣ್ಣದೈತಿ ಅಂತ ಮನಿಮನಿಗೆ ತೋರಿಸಿ ಬಾ" ಎಂದಳು ಪೀರವ್ವ.

ಬುಡ್ಡೇಸಾಬನ ಕೈಯಲ್ಲಿದ್ದದ್ದು ಒಂದೇ ಸೂಜಿ, ಗಾದಿ ಹೊಲಿಯುವ ಗೇಣುದ್ದದ ದಬ್ಬಣ. ಅದನ್ನೇ ಎತ್ತಿ ಹಿಡಿದ. "ನೋಡ್ರೀ, ಇಷ್ಟ ಸಣ್ಣದು!"

ದಡ್! ದಡ್! ದಡ್! ಓಣಿಯ ಬಾಗಿಲೆಲ್ಲ ಮುಚ್ಚಿದವು.

"ಖೋಡಿ! ಮಂದಿ ಅಂಜೂದನ್ನ ಅರಳಿಯೊಳಗ ಮುಚ್ಚಿ ತರಬೇಕೋ!" ಎಂದು ಪೀರವ್ವ ಬೈದಳು.

"ಆತಬೇ, ಮುಂದ ಹಂಗ ಮಾಡ್ತೀನಿ."

"ಈಗ ಹೋಗಿ ನರ್ಸಕ್ಕನ್ನ ಮನಿಗೆ ಕರ್ಕೊಂಡು ಬಾ."

ಮಂದಿ ಅಂಜೋದು ಯಾರಿಗೆ? ನರ್ಸಿಗೆ! ಬುಡ್ಡೇಸಾಬ ಅವಳನ್ನು ಗಾದಿಯೊಳಗೆ ಸುತ್ತಿ ಹೆಗಲ ಮೇಲೆ ಹೊತ್ತು ತಂದ. ಮನೆಯಲ್ಲಿ ಇಳಿಸಿದರೆ ಗಾದಿ ಸೀನಿತು! ತಲೆ ತುಂಬ ಅರಳೆ ಹೊತ್ತ ನೀಲಗಂಗಕ್ಕ ಉರುಳಿ ಹೊರಬಂದಳು.

"ಅಯ್ಯೋ ದೇವರೇ! ಬಂದವರನ್ನ ಗಾದಿ ಮ್ಯಾಲ ಕೂಡಿಸಿ ಬಿಸಿ ಚಹಾ ಕೊಡಬೇಕೋ ಹುಚ್ಚಪ್ಪಾ!" ಎಂದಳು ಪೀರವ್ವ.

"ಆತಬೇ, ಮುಂದ ಹಂಗ ಮಾಡ್ತೀನಿ."

ನರ್ಸು ಬಂದಳು, ಮದ್ದಿನ ಡಬ್ಬಿ ಕಟ್ಟೆಯ ಮೇಲೇ ಉಳಿದಿತ್ತು. ಬುಡ್ಡೇಸಾಬನೇ ಹೋಗಿ ತಂದ. ಅದೂ ಬಂದ ನೆಂಟನೇ ಅಲ್ಲವೇ? ಗಾದಿಯ ಮೇಲೆ ಕೂಡಿಸಿದ. ಮುಚ್ಚಳ ತೆಗೆದ. ಹಬೆಯಾಡುವ ಚಹಾ ಬಗ್ಗಿಸಲು ಹೋದ. ಅಷ್ಟರಲ್ಲಿ ನೀಲಗಂಗಕ್ಕ ಹಾರಿ ಬಂದು ಅವನ ಕೈ ಹಿಡಿದಳು.

"ಯಪ್ಪಾ, ಬಿಸಿ ತಾಗಿದರ ಮದ್ದು ಕೆಡತೈತಿ! ಅದು ಎಲ್ಲಿದ್ದರೂ ತಂಪಿನ್ಯಾಗ ಇರಬೇಕು!"

"ಆತ್ರೀ ಅಕ್ಕಾ, ಮುಂದ ಹಂಗ ಮಾಡ್ತೀನಿ."

ಪೀರವ್ವ ಸೋತು ಕೂತಳು. "ಇನ್ನ ಯಾರೂ ಬರೂದಿಲ್ಲ. ನೀನರ ಹಾಕಿಸ್ಕೊಳ್ಳೋ."

ಬುಡ್ಡೇಸಾಬ ಅಂಗಳದಲ್ಲಿ ಕೂತು ತೋಳು ಚಾಚಿದ. ನೀಲಗಂಗಕ್ಕ ಸೂಜಿ ಚುಚ್ಚಿ ತೆಗೆದಳು. "ಮುಗೀತೇನ್ರೀ? ಮದ್ದು ಎಲ್ಲಿ ಹೋತು?"

"ನಿನ್ನೊಳಗ."

ಅಷ್ಟೇ! ಓಡಿದ. ದನ ನೀರು ಕುಡಿಯುವ ತೊಟ್ಟಿಗೆ ಧುಡುಮ್ಮನೆ ಹಾರಿ ಕುತ್ತಿಗೆಮಟ ಮುಳುಗಿ ಕೂತ.

"ಏಳೋ ಮ್ಯಾಲ!"

"ಒಲ್ಲೆಬೇ! ಮದ್ದು ನನ್ನೊಳಗೈತಿ, ಕೆಟ್ಟು ಹೋದೀತು!"

ಒಂದು ಬಾಗಿಲು ಕಿರ್ರೆಂದಿತು. ಇನ್ನೊಂದು ಕಿರ್ರೆಂದಿತು. ಓಣಿಯೆಲ್ಲ ತೊಟ್ಟಿಯ ಸುತ್ತ ಸೇರಿತು.

"ಸೂಜಿ ಹಾಕಿದ್ದಕ್ಕ ಹಿಂಗಾತೇನು?" ಎಂದು ಹಿರಿಯ ದಾವಲಸಾಬ ಕಣ್ಣರಳಿಸಿದ.

"ಇಲ್ಲ ಕಾಕಾ, ಇಂವ ಮೊದಲಿಂದಲೂ ಹಿಂಗ!" ಎಂದಳು ಪೀರವ್ವ.

ಓಣಿ ಹೊಟ್ಟೆ ಹಿಡಿದು ನಕ್ಕಿತು. ನಗುತ್ತಾ ನಗುತ್ತಾ ದಾವಲಸಾಬನೇ ಅಂಗಿಯ ತೋಳು ಮಡಚಿದ. "ಸೂಜಿ ಚುಚ್ಚಿದ ಕೈಲೇ ನೀರು ಬಡಿಯಾಕತ್ತಾನ. ಇದರಾಗ ಅಂಜೂದೇನೈತಿ? ಹಾಕವಾ." ಅವನ ಹಿಂದೆ ಅವನ ಹೆಂಡತಿ, ಹೆಂಡತಿಯ ಹಿಂದೆ ನೆರೆಮನೆ, ನೆರೆಮನೆಯ ಹಿಂದೆ ಇಡೀ ಓಣಿ. ಕಟ್ಟಕಡೆಗೆ ಅಜ್ಜಿಯೂ ಮಂಚದ ಮೇಲೆ ಕೂತೇ ಬೊಚ್ಚುಬಾಯಿ ಬಿಟ್ಟು ನಗುತ್ತಾ ತೋಳು ಚಾಚಿದಳು.

ಪೀರವ್ವ ಕಣ್ಣು ಮುಚ್ಚಿ ದೇವರಿಗೆ ಕೈಯೆತ್ತಿದಳು. ಕಣ್ಣು ತೆರೆದರೆ ಅಜ್ಜಿಯ ಮಂಚ ಖಾಲಿ!

ತೊಟ್ಟಿಯಿಂದೆದ್ದು ಬಂದ ಬುಡ್ಡೇಸಾಬ ಅಜ್ಜಿಯನ್ನು ಹೆಗಲಿಗೇರಿಸಿಕೊಂಡು ಮತ್ತೆ ತೊಟ್ಟಿಯ ಕಡೆಗೇ ಓಡುತ್ತಿದ್ದ. "ತಡಿಬೇ ಅಜ್ಜಿ, ಬಂದ ಬಿಡ್ತು ತಂಪು!"

ಸೂಜಿ ಹಾಕದ ಕೈಯಿಂದ ಅಜ್ಜಿ ಅವನ ಬೋಳುತಲೆ ಕುಟ್ಟುತ್ತಿದ್ದಳು.