ಒಂದೇ ಕೂಗು

“ಗುರುಗಳೇ, ಮಠಕ್ಕೆ ಹೊಸದಾಗಿ ಬಂದಿರುವ ಮಹಾಂತಯ್ಯನಿಗೆ ತಾವು ಬುದ್ಧಿ ಹೇಳಬಾರದೇ? ಏನು ಕೇಳಿದರೂ ಮುಖ ನೋಡುವುದಿಲ್ಲ, ಬಾಯಿ ಬಿಡುವುದಿಲ್ಲ. ಅಂಥವನ ಜೊತೆ ಮಾತಾಡುವುದಾದರೂ ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ವಯಸ್ಸಾದ ಮೇಲೆ ಹರಿಗೋಲನ್ನು ಮಗಳ ಕೈಗೆ ಕೊಟ್ಟ. ಆಚೆ ದಡದಲ್ಲಿ ಯಾರಾದರೂ ಕೂಗಿದರೆ ಈಚೆಯಿಂದ ‘ಓ’ ಎನ್ನಬೇಕು. ಹೊಳೆ ದಾಟುವ ಆ ಕಡವಿನ ರೂಢಿ ಅದು. ಮಗಳು ಮಾತ್ರ ಓಗೊಡುತ್ತಿರಲಿಲ್ಲ. ಕೂಗು ಕಿವಿಗೆ ಬಿದ್ದರೆ ನೀರು ನೋಡುತ್ತಾ ನಿಲ್ಲುವಳು. ಅದು ಮನಸ್ಸಿನೊಳಗೆ ಇಳಿಯಬೇಕು, ಆಮೇಲೆ ಕೈ ಹುಟ್ಟು ಹಿಡಿಯಬೇಕು. ಅಷ್ಟರಲ್ಲಿ ಇನ್ನೊಂದು ಕೂಗು ಬಂದರೆ ಎಲ್ಲ ಕಲಸಿಹೋಗಿ ಮತ್ತೆ ಮೊದಲಿನಿಂದ ಶುರು. ಜನಕ್ಕೆ ಅಷ್ಟು ತಾಳ್ಮೆ ಎಲ್ಲಿಯದು? ಗಂಟಲು ಹರಿಯುವಂತೆ ಕೂಗುವರು, ಬೈಯುವರು, ಎದ್ದು ಹೋಗುವರು. ಅವಳು ಹರಿಗೋಲು ತರುವ ಹೊತ್ತಿಗೆ ದಡ ಬರಿದಾಗಿರುತ್ತಿತ್ತು. ಅಂಬಿಗನಿಗೆ ಇದೆಲ್ಲ ಗೊತ್ತಿತ್ತು. ಆದರೆ ಹೇಳಿಕೊಳ್ಳಲು ನಾಚಿಕೆ.

ಕಡವನ್ನು ಬೇರೆಯವರಿಗೆ ಕೊಡಬೇಕೆಂದು ಜನ ಊರಗೌಡನಿಗೆ ದೂರು ಕೊಟ್ಟರು. ಮಗಳಿಗೆ ಪ್ರಿಯವಾದದ್ದು ಹೊಳೆಯೊಂದೇ. ಅಂಬಿಗ ಆಚೆ ದಡದಲ್ಲಿದ್ದ ಗೌಡನ ಮನೆಗೆ ಹೋಗಿ ಬೇಡಿಕೊಂಡ. “ನಾನೇ ನೋಡಿ ತೀರ್ಮಾನ ಮಾಡುತ್ತೇನೆ, ನಡಿ” ಎಂದು ಗೌಡ ಅವನೊಂದಿಗೆ ಹೊಳೆಗೆ ಬಂದ.

ಅಂಬಿಗ ಕೂಗಿದ. ಮಗಳಿದ್ದ ಈಚೆ ದಡದಿಂದ ಸದ್ದಿಲ್ಲ.

“ಹೆತ್ತ ಅಪ್ಪನಿಗೇ ಓ ಅನ್ನಲಿಲ್ಲವಲ್ಲಯ್ಯಾ! ಇನ್ನೊಂದು ಸಲ ಕೂಗು” ಎಂದ ಗೌಡ.

ಅಂಬಿಗನಿಗೆ ಅವಮಾನವಾಯಿತು. ಎರಡನೆಯ ಕೂಗು ಗಂಟಲವರೆಗೆ ಬಂದಿತ್ತು. ಆದರೆ ಅವನು ಅದನ್ನು ನುಂಗಿಕೊಂಡ. ಕೂಗಿದರೆ ಕೆಡುವುದು ಮಗಳ ಕೆಲಸ, ಉಳಿಯುವುದು ತನ್ನ ಮರ್ಯಾದೆ.

“ಇಲ್ಲ ಗೌಡರೇ, ಕೂಗಿಯಾಯಿತು. ಅವಳು ಕೇಳಿಸಿಕೊಂಡಿದ್ದಾಳೆ. ನನ್ನ ಮಗಳ ಉತ್ತರ ಹೊಳೆ ದಾಟಿ ಬರಬೇಕು, ಕೂತುಕೊಳ್ಳಿ.”

ಗೌಡನಿಗೆ ‘ಕೂತುಕೊಳ್ಳಿ’ ಎಂದವರು ಆ ಊರಲ್ಲಿ ಯಾರೂ ಇರಲಿಲ್ಲ. ಗೌಡ ಗೊಣಗಿಕೊಂಡೇ ಕಲ್ಲಿನ ಮೇಲೆ ಕೂತ. ಇಬ್ಬರೂ ಕಾದರು.

ಹರಿಗೋಲು ಕದಲಿತು. ನೆಟ್ಟಗೆ ಅವರ ಕಾಲಬುಡಕ್ಕೇ ಬಂದು ನಿಂತಿತು. ಮಗಳು ಯಾರ ಮುಖವನ್ನೂ ನೋಡಲಿಲ್ಲ. ನೀರಿನತ್ತ ನೋಡುತ್ತಲೇ, “ಓ, ಅಪ್ಪಾ” ಎಂದಳು.

ಅಂಬಿಗನ ಎದೆ ಉಬ್ಬಿತು. “ನನ್ನ ಮಗಳು ಗೌಡರೇ, ಹತ್ತಿ” ಎಂದ. ಗೌಡ ಹತ್ತಿದ. ಕಡವು ಅವಳದಾಗಿಯೇ ಉಳಿಯಿತು. ರೂಢಿ ಬದಲಾಯಿತು: ಒಂದೇ ಸಲ ಕೂಗು, ಕೂತುಕೋ. ಹೊಸಬರು ಬಂದಾಗಲೆಲ್ಲ ಅಂಬಿಗ ಮೀಸೆ ತಿರುವಿಕೊಂಡು ಇದನ್ನು ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನತ್ತ ತಿರುಗಿದರು.

“ಮಹಾಂತಯ್ಯನನ್ನು ಕೇಳಿದ ಮೇಲೆ ನೀನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ?”